ಬಚ್ಚಲಿಗಿಂತ ಮೊದಲು ದವಾಖಾನೆ

ಹೊಲದಿಂದಲೋ ಕಾಲೇಜಿನಿಂದಲೋ ಮಗಳು ಹರಿದ ಬಟ್ಟೆಯಲ್ಲಿ, ಬಾಯಿಂದ ಮಾತು ಹೊರಡದ ಸ್ಥಿತಿಯಲ್ಲಿ ಮನೆಗೆ ಬಂದರೆ ನಮ್ಮ ಕಡೆ ಅವ್ವಂದಿರು ಮೊದಲು ಮಾಡುವ ಕೆಲಸ ಬಚ್ಚಲ ಒಲೆಗೆ ಉರಿ ಹಾಕುವುದು. ಹಂಡೆಯ ನೀರು ಕಾಯಿಸಿ ತಲೆಯ ಮೇಲಿಂದ ಹಾಕುತ್ತಾರೆ. ಉಟ್ಟ ಬಟ್ಟೆಯನ್ನು ಸೋಪಿನ ನೀರಲ್ಲಿ ನೆನೆಸುತ್ತಾರೆ, ಇಲ್ಲವೇ ಅದೇ ಒಲೆಗೆ ತುರುಕುತ್ತಾರೆ. ಆಮೇಲೆ ಬಾಗಿಲ ಅಗಳಿ ಹಾಕಿ, "ಯಾರ ಮುಂದೂ ಬಾಯಿ ಬಿಡಬ್ಯಾಡವಾ" ಎನ್ನುತ್ತಾರೆ. ಇದರಲ್ಲಿ ಮಗಳ ಮೇಲಿನ ಕಕ್ಕುಲಾತಿ ಮತ್ತು ಊರಿನ ಭಯ ಬಿಟ್ಟರೆ ಬೇರೇನೂ ಇಲ್ಲ. ಆದರೆ ನಾಳೆ ನ್ಯಾಯಾಲಯದಲ್ಲಿ ಆ ಮಗಳ ಪರವಾಗಿ ಮಾತಾಡಬೇಕಾದ ಸಾಕ್ಷಿ ಆ ನಾಲ್ಕು ತಂಬಿಗೆ ನೀರಿನ ಜೊತೆ ಬಚ್ಚಲ ಕಿಂಡಿಯಲ್ಲಿ ಹರಿದುಹೋಗಿರುತ್ತದೆ.

ಹಾವೇರಿ ಜಿಲ್ಲೆಯ ಹಲಗೇರಿ, ರಾಣೆಬೆನ್ನೂರು, ಬ್ಯಾಡಗಿ ಸುತ್ತಲಿನ ಮನೆಗಳನ್ನು ಕಣ್ಣ ಮುಂದೆ ಇಟ್ಟುಕೊಂಡು ಇದನ್ನು ಬರೆಯುತ್ತಿದ್ದೇನೆ. 2024ರ ಜುಲೈ 1ರಿಂದ ದೇಶದ ಕ್ರಿಮಿನಲ್ ಕಾನೂನು ಬದಲಾಗಿದೆ. ದಂಡ ಸಂಹಿತೆಯ ಜಾಗಕ್ಕೆ ಭಾರತೀಯ ನ್ಯಾಯ ಸಂಹಿತೆ ಬಂತು, ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆ ಬಂತು, 1872ರ ಸಾಕ್ಷ್ಯ ಕಾಯ್ದೆಯ ಜಾಗಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂತು. ಆ ದಿನಕ್ಕಿಂತ ಮೊದಲು ನಡೆದ ಅಪರಾಧಕ್ಕೆ ಹಳೆಯ ದಂಡ ಸಂಹಿತೆಯ ಕಲಮುಗಳೇ ಅನ್ವಯಿಸುತ್ತವೆ. ಪೇಟೆಯ ವಕೀಲರಿಗೆ ಇದೆಲ್ಲ ಗೊತ್ತು. ಗೊತ್ತಿರಬೇಕಾದದ್ದು ಮೊದಲ ರಾತ್ರಿ ಆ ಹುಡುಗಿಯ ಪಕ್ಕದಲ್ಲಿ ಕೂತಿರುವ ಅವ್ವನಿಗೆ, ಅಕ್ಕನಿಗೆ, ಓಣಿಯ ಆಶಾ ಕಾರ್ಯಕರ್ತೆಗೆ.

ಮೊದಲ ನಾಲ್ಕು ದಿನ

ಸ್ನಾನ ಬೇಡ, ಬಾಯಿ ಮುಕ್ಕಳಿಸುವುದು ಬೇಡ, ಉಗುರು ಕತ್ತರಿಸುವುದು ಬೇಡ. ಸಾಧ್ಯವಾದರೆ ಬಟ್ಟೆಯನ್ನೂ ಬದಲಿಸದೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ, ಉಡಲು ಇನ್ನೊಂದು ಜೊತೆ ಬಟ್ಟೆ ಕೈಯಲ್ಲಿ ಹಿಡಿದಿರಿ. ಬಟ್ಟೆ ಈಗಾಗಲೇ ಬದಲಿಸಿದ್ದರೆ ಅದನ್ನು ಝಾಡಿಸಬೇಡಿ, ಒಗೆಯಬೇಡಿ. ಹಸಿಯಾಗಿದ್ದರೆ ನೆರಳಲ್ಲಿ ಆರಲು ಬಿಡಿ, ಬಿಸಿಲಿಗೆ ಹಾಕಬೇಡಿ. ಒಂದೊಂದು ಬಟ್ಟೆಯನ್ನೂ ಬೇರೆ ಬೇರೆಯಾಗಿ ಕಾಗದದಲ್ಲಿ ಸುತ್ತಿಡಿ. ಪ್ಲಾಸ್ಟಿಕ್ ಕ್ಯಾರಿಬ್ಯಾಗಿಗೆ ಹಾಕುವುದು ಎಲ್ಲರೂ ಮಾಡುವ ತಪ್ಪು. ಪ್ಲಾಸ್ಟಿಕ್ಕಿನಲ್ಲಿ ತೇವ ಒಳಗೇ ಉಳಿದು ಬೂಸು ಹಿಡಿಯುತ್ತದೆ, ಬೂಸು ಹಿಡಿದರೆ ಡಿಎನ್‌ಎ ಕೆಡುತ್ತದೆ. ಬ್ಯಾಡಗಿ ಮೆಣಸಿನಕಾಯಿ ಬೆಳೆಯುವವರಿಗೆ ಇದನ್ನು ಹೆಚ್ಚು ಬಿಡಿಸಿ ಹೇಳಬೇಕಾಗಿಲ್ಲ. ಹಸಿ ಕಾಯಿಯನ್ನು ಕಟ್ಟಿಟ್ಟರೆ ಏನಾಗುತ್ತದೆ ಎಂದು ಅವರು ದಿನಾ ನೋಡುತ್ತಾರೆ.

ಕೇಂದ್ರ ಆರೋಗ್ಯ ಸಚಿವಾಲಯದ 2014ರ ಮಾರ್ಗಸೂಚಿಯ ಪ್ರಕಾರ ಘಟನೆ ನಡೆದು 72 ಗಂಟೆ ಕಳೆದ ಮೇಲೆ ದೇಹದಲ್ಲಿ ಕುರುಹು ಸಿಗುವ ಸಾಧ್ಯತೆ ಬಹಳ ಕಡಿಮೆಯಾಗುತ್ತದೆ. ಆದರೂ 96 ಗಂಟೆಯವರೆಗೆ, ಅಂದರೆ ನಾಲ್ಕು ದಿನದವರೆಗೆ, ಮಾದರಿ ತೆಗೆದುಕೊಳ್ಳಬೇಕು. ಗುಪ್ತಾಂಗದ ಸ್ವಾಬ್, ಉಗುರಿನ ಸಂದಿಯ ಕೆರೆತ, ರಕ್ತ, ಮೂತ್ರ, ಮೈಮೇಲಿನ ಕಲೆ, ಅಂಟಿಕೊಂಡ ಕೂದಲು ಅಥವಾ ಹುಲ್ಲುಕಡ್ಡಿ, ಹೀಗೆ ಒಂದೊಂದನ್ನೂ ತೆಗೆದು ಹೆಸರು, ದಿನಾಂಕ, ವೇಳೆ ಬರೆದು, ಮೊಹರು ಹಾಕಿ ಇಡುತ್ತಾರೆ. ಬಟ್ಟೆ ಬಿಚ್ಚುವಾಗ ನೆಲದ ಮೇಲೆ ದೊಡ್ಡ ಬಿಳಿ ಹಾಳೆ ಹಾಸಿ ಹುಡುಗಿಯನ್ನು ಅದರ ಮೇಲೆ ನಿಲ್ಲಿಸುತ್ತಾರೆ. ಬಟ್ಟೆಯಿಂದ ಉದುರಿದ ಒಂದು ಎಳೆ ಕೂದಲೂ ಆ ಹಾಳೆಯ ಮಡಿಕೆಯೊಳಗೆ ಉಳಿಯಲಿ ಎಂದು ಈ ಏರ್ಪಾಡು. ಅವಳು ಹೊಲದಲ್ಲಿ ಬಿದ್ದಿದ್ದರೆ ಅಲ್ಲಿನ ಎರೆಮಣ್ಣಿನ ಪುಡಿಯೂ ಅದರೊಳಗೆ ಬರುತ್ತದೆ, ಅದೂ ಸಾಕ್ಷಿಯೇ.

ಸ್ನಾನ ಆಗಿಹೋಗಿದ್ದರೆ? ಆದರೂ ಹೋಗಿ. ನಾಲ್ಕು ದಿನ ದಾಟಿದ್ದರೆ? ಆದರೂ ಹೋಗಿ. ಗಾಯ ಉಳಿದಿರಬಹುದು, ಬಟ್ಟೆ ಉಳಿದಿರಬಹುದು, ಚಿಕಿತ್ಸೆಯಂತೂ ಬೇಕೇ ಬೇಕು. ಬಟ್ಟೆ ಎಷ್ಟು ಕಾಲ ಮಾತಾಡಬಲ್ಲದು ಎನ್ನುವುದನ್ನು ಕರ್ನಾಟಕವೇ ಈಚೆಗೆ ಕಂಡಿದೆ. 2025ರ ಆಗಸ್ಟ್ 1ರಂದು ಬೆಂಗಳೂರಿನ ವಿಶೇಷ ನ್ಯಾಯಾಲಯ ಹಾಸನದ ಮಾಜಿ ಸಂಸದ ಪ್ರಜ್ವಲ್ ರೇವಣ್ಣ ಅವರನ್ನು ಮನೆಗೆಲಸದ ಮಹಿಳೆಯ ಮೇಲಿನ ಅತ್ಯಾಚಾರದಲ್ಲಿ ತಪ್ಪಿತಸ್ಥ ಎಂದು ತೀರ್ಮಾನಿಸಿ ಮರುದಿನ ಜೀವಾವಧಿ ಶಿಕ್ಷೆ ವಿಧಿಸಿತು. ಕೃತ್ಯ ನಡೆದದ್ದು 2021ರಲ್ಲಿ, ದೂರು ದಾಖಲಾದದ್ದು 2024ರಲ್ಲಿ. ಅಷ್ಟು ವರ್ಷ ಕಳೆದರೂ ಒಂದು ಸೀರೆಯ ಮೇಲೆ ಸಿಕ್ಕ ಡಿಎನ್‌ಎ ಆ ಮೊಕದ್ದಮೆಯ ಮುಖ್ಯ ಸಾಕ್ಷ್ಯಗಳಲ್ಲೊಂದಾಯಿತು. ಶಿಕ್ಷೆಯ ವಿರುದ್ಧ ಅವರು ಹೈಕೋರ್ಟಿಗೆ ಮೇಲ್ಮನವಿ ಸಲ್ಲಿಸಿದ್ದಾರೆ. ಒಗೆಯದೆ ಉಳಿದ ಒಂದು ಸೀರೆಗೆ ಎಂಥ ತೂಕ ಎಂದು ಮನೆಯ ಹೆಂಗಸರಿಗೆ ಹೇಳಲು ಇದಕ್ಕಿಂತ ಬೇರೆ ಉದಾಹರಣೆ ಬೇಡ.

ಆಸ್ಪತ್ರೆಗೆ ಹೋಗಲು ಪೊಲೀಸರ ಚೀಟಿ ಬೇಕಿಲ್ಲ. ಈ ಮಾತನ್ನು ಎರಡು ಸಲ ಓದಿ. ಮೊದಲು ಠಾಣೆಗೆ ಹೋಗಿ ಬನ್ನಿ ಎಂದು ಆಸ್ಪತ್ರೆಯವರು ವಾಪಸ್ ಕಳಿಸುವಂತಿಲ್ಲ. ಸುರಕ್ಷಾ ಸಂಹಿತೆಯ ಕಲಂ 397ರ ಪ್ರಕಾರ ಸರ್ಕಾರಿಯಾಗಲಿ ಖಾಸಗಿಯಾಗಲಿ ಎಲ್ಲ ಆಸ್ಪತ್ರೆಗಳೂ ತಕ್ಷಣ ಪ್ರಥಮ ಚಿಕಿತ್ಸೆ ಅಥವಾ ವೈದ್ಯಕೀಯ ಚಿಕಿತ್ಸೆಯನ್ನು ಉಚಿತವಾಗಿ ಕೊಡಬೇಕು, ಪೊಲೀಸರಿಗೂ ತಿಳಿಸಬೇಕು. ಕೊಡದಿದ್ದರೆ ನ್ಯಾಯ ಸಂಹಿತೆಯ ಕಲಂ 200ರಡಿ ಆಸ್ಪತ್ರೆಯ ಹೊಣೆ ಹೊತ್ತವರಿಗೆ ಒಂದು ವರ್ಷದವರೆಗೆ ಜೈಲು. ಗರ್ಭ ತಡೆಯುವ ಮಾತ್ರೆ ಬೇಗ ಕೊಟ್ಟಷ್ಟೂ ಒಳ್ಳೆಯದು. ಎಚ್‌ಐವಿ ತಡೆಯುವ ಔಷಧಿ 72 ಗಂಟೆಯೊಳಗೆ ಶುರುವಾಗಿ 28 ದಿನ ನಡೆಯಬೇಕು. ಇವೆರಡನ್ನೂ ಬಾಯಿ ಬಿಟ್ಟು ಕೇಳಿ. ಗರ್ಭ ನಿಂತರೆ ವೈದ್ಯಕೀಯ ಗರ್ಭಪಾತ ಕಾಯ್ದೆಯ 2021ರ ತಿದ್ದುಪಡಿಯ ಪ್ರಕಾರ ಅತ್ಯಾಚಾರಕ್ಕೆ ಒಳಗಾದವರಿಗೆ 24 ವಾರದವರೆಗೆ ಗರ್ಭಪಾತಕ್ಕೆ ಅವಕಾಶವಿದೆ.

ಪರೀಕ್ಷೆಗೆ ಅವಳ ಒಪ್ಪಿಗೆ ಬೇಕು. ಚಿಕಿತ್ಸೆಗೆ ಒಪ್ಪಿ ಒಳಗಿನ ಪರೀಕ್ಷೆ ಬೇಡ ಎನ್ನುವ ಹಕ್ಕೂ ಅವಳಿಗಿದೆ. ಮಹಿಳಾ ವೈದ್ಯೆ ಇಲ್ಲದಿದ್ದರೆ ಒಬ್ಬ ಹೆಂಗಸು ಜೊತೆಗಿರಲೇಬೇಕು. ಹದಿನೆಂಟು ತುಂಬದ ಹುಡುಗಿಯನ್ನು, ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ ಪೋಕ್ಸೊ ಕಾಯ್ದೆಯ ಪ್ರಕಾರ, ಮಹಿಳಾ ವೈದ್ಯೆಯೇ ಪರೀಕ್ಷಿಸಬೇಕು. ಇನ್ನೊಂದನ್ನು ಗಟ್ಟಿಯಾಗಿ ಹೇಳಬೇಕು: ಎರಡು ಬೆರಳಿನ ಪರೀಕ್ಷೆಯನ್ನು ಯಾರೂ ಮಾಡುವಂತಿಲ್ಲ. ಹುಡುಗಿ "ಮೊದಲೇ ರೂಢಿಯಾದವಳೋ" ಎಂದು ಅಳೆಯುವ ಆ ಹೀನ ಪದ್ಧತಿಯನ್ನು ಸುಪ್ರೀಂ ಕೋರ್ಟ್ 2013ರಲ್ಲೇ ಅವಳ ಘನತೆಗೆ ಧಕ್ಕೆ ಎಂದಿತ್ತು. 2022ರ ಅಕ್ಟೋಬರ್ 31ರಂದು, ಅದನ್ನು ಮಾಡಿದವರು ದುರ್ನಡತೆಯ ದೋಷಿಗಳು ಎಂದು ಹೇಳಿತು. ವರದಿಯಲ್ಲಿ ಅಂಥ ಸಾಲು ಕಂಡರೆ ವಕೀಲರಿಗೆ ತೋರಿಸಿ. ವರದಿಯ ಪ್ರತಿ ಅವಳಿಗೆ ಉಚಿತವಾಗಿ ಸಿಗಬೇಕು.

ಗಾಯವಿಲ್ಲ, ವೀರ್ಯ ಸಿಕ್ಕಿಲ್ಲ ಎಂಬ ಮಾತ್ರಕ್ಕೆ ಪ್ರಕರಣ ಬಿದ್ದುಹೋಗುವುದಿಲ್ಲ. ಹೆದರಿಕೆಯಿಂದ ಮರಗಟ್ಟಿದವಳ ಮೈಮೇಲೆ ಗೀರು ಇರಲೇಬೇಕೆಂದಿಲ್ಲ. ಪ್ರತಿಭಟಿಸಲಿಲ್ಲ ಎಂಬ ಒಂದೇ ಕಾರಣಕ್ಕೆ ಒಪ್ಪಿದಳು ಎಂದು ಭಾವಿಸಬಾರದು ಎಂದು ನ್ಯಾಯ ಸಂಹಿತೆಯ ಕಲಂ 63 ನೇರವಾಗಿ ಹೇಳುತ್ತದೆ.

ಠಾಣೆಯಲ್ಲಿ

ಹಲಗೇರಿಯಲ್ಲಿ ಪೊಲೀಸ್ ಠಾಣೆ ಇದೆ. ಆದರೆ ಘಟನೆ ಹಲಗೇರಿ ಸರಹದ್ದಿನಲ್ಲಿ ನಡೆದು ಹುಡುಗಿ ಬ್ಯಾಡಗಿಯ ಅಜ್ಜಿಯ ಮನೆಯಲ್ಲಿದ್ದರೆ ಬ್ಯಾಡಗಿ ಠಾಣೆಯಲ್ಲೇ ದೂರು ಕೊಡಬಹುದು. ನಮ್ಮ ಹದ್ದಲ್ಲ ಎಂದು ಹೇಳುವಂತಿಲ್ಲ. ಶೂನ್ಯ ಎಫ್‌ಐಆರ್ ಬರೆದುಕೊಂಡು ಸಂಬಂಧಪಟ್ಟ ಠಾಣೆಗೆ ಅವರೇ ಕಳಿಸಬೇಕು. ಹೆಂಗಸಿನ ದೂರನ್ನು ಮಹಿಳಾ ಅಧಿಕಾರಿ ಬರೆದುಕೊಳ್ಳಬೇಕು. ಅತ್ಯಾಚಾರಕ್ಕೆ ಒಳಗಾದವಳ ಹೇಳಿಕೆಯನ್ನು ಅವಳ ಮನೆಯಲ್ಲಿ ಅಥವಾ ಅವಳು ಹೇಳಿದ ಜಾಗದಲ್ಲಿ, ತಂದೆ ತಾಯಿಯೋ ಹತ್ತಿರದವರೋ ಇರುವಾಗ ಪಡೆಯಬೇಕು. ಹಾಗಾಗಿ ಠಾಣೆಯ ಕಟ್ಟೆಯ ಮೇಲೆ ಊರವರ ಕಣ್ಣಿಗೆ ಬೀಳುತ್ತ ಕೂರುವ ಅಗತ್ಯವಿಲ್ಲ. ಮೊಬೈಲಿನಿಂದ ಆನ್‌ಲೈನ್ ಮೂಲಕ ಮಾಹಿತಿ ಕೊಟ್ಟರೂ ನಡೆಯುತ್ತದೆ, ಮೂರು ದಿನದೊಳಗೆ ಹೋಗಿ ಸಹಿ ಹಾಕಬೇಕು. ಎಫ್‌ಐಆರ್ ಪ್ರತಿಯನ್ನು ಕೈಗೆ ಪಡೆಯದೆ ಎದ್ದು ಬರಬೇಡಿ, ಅದಕ್ಕೆ ದುಡ್ಡಿಲ್ಲ.

ದೂರು ಬರೆದುಕೊಳ್ಳದಿದ್ದರೆ ಎಸ್‌ಪಿಗೆ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ನ್ಯಾಯಾಲಯಕ್ಕೆ ಅರ್ಜಿ ಹಾಕಿ. ಇಂಥ ದೂರನ್ನು ದಾಖಲಿಸದ ಅಧಿಕಾರಿಗೆ ನ್ಯಾಯ ಸಂಹಿತೆಯ ಕಲಂ 199ರಲ್ಲಿ ಕನಿಷ್ಠ ಆರು ತಿಂಗಳು, ಗರಿಷ್ಠ ಎರಡು ವರ್ಷದ ಕಠಿಣ ಸಜೆ ಇದೆ. ಪೊಲೀಸರಿಗೆ ಮಾಹಿತಿ ತಲುಪಿದ 24 ಗಂಟೆಯೊಳಗೆ ಅವಳನ್ನು ವೈದ್ಯರ ಬಳಿ ಕಳಿಸಬೇಕು. ವೈದ್ಯರು ಏಳು ದಿನದೊಳಗೆ ವರದಿ ಕೊಡಬೇಕು. ತನಿಖೆ ಎರಡು ತಿಂಗಳಲ್ಲಿ ಮುಗಿಯಬೇಕು. ತನಿಖೆ ಎಲ್ಲಿಗೆ ಬಂತು ಎಂದು 90 ದಿನದೊಳಗೆ ಅವಳಿಗೆ ತಿಳಿಸಬೇಕು.

ಊರ ಹಿರಿಯರು ಗುಡಿಯ ಕಟ್ಟೆಯಲ್ಲಿ ಕೂತು, ಇಷ್ಟು ದುಡ್ಡು ಕೊಟ್ಟುಬಿಡಲಿ, ಇಲ್ಲವೇ ಅವನಿಗೇ ಕಟ್ಟಿಬಿಡಿ ಎನ್ನುವುದು ಇನ್ನೂ ನಿಂತಿಲ್ಲ. ಅತ್ಯಾಚಾರ ರಾಜಿಯಾಗುವ ಅಪರಾಧವಲ್ಲ. ರಾಜಿ ಆಗಿದೆ ಎಂಬ ಕಾರಣಕ್ಕೆ ಶಿಕ್ಷೆ ಕಡಿಮೆ ಮಾಡಬಾರದು ಎಂದು ಸುಪ್ರೀಂ ಕೋರ್ಟ್ 2013ರಲ್ಲಿ ಹೇಳಿದೆ. ಹುಡುಗಿಗೆ ಹದಿನೆಂಟು ತುಂಬಿಲ್ಲದಿದ್ದರೆ ವಿಷಯ ಗೊತ್ತಿದ್ದೂ ಪೊಲೀಸರಿಗೆ ತಿಳಿಸದವರೇ ಪೋಕ್ಸೊದಡಿ ಆರು ತಿಂಗಳವರೆಗೆ ಜೈಲಿಗೆ ಹೋಗಬಹುದು. ಇದರಲ್ಲಿ ಹಿರಿಯರೂ ಬರುತ್ತಾರೆ, ಶಾಲೆಯ ಮಾಸ್ತರೂ ಬರುತ್ತಾರೆ.

ಮೊಬೈಲಿನ ವಿಷಯ ಬೇರೆಯಾಗಿಯೇ ಹೇಳಬೇಕು. ಬೆದರಿಕೆಯ ಮೆಸೇಜು, ಕರೆಯ ದಾಖಲೆ, ವಿಡಿಯೊ ಇದ್ದರೆ ಸಿಟ್ಟಿನಲ್ಲಿ ಅಳಿಸಬೇಡಿ. ಹೊಸ ಸಾಕ್ಷ್ಯ ಅಧಿನಿಯಮದ ಕಲಂ 63ರ ಪ್ರಕಾರ ವಿದ್ಯುನ್ಮಾನ ದಾಖಲೆಯ ಜೊತೆ ಪ್ರಮಾಣಪತ್ರ ಬೇಕು. ಅದರಲ್ಲಿ ಹ್ಯಾಶ್ ಸಂಖ್ಯೆ ಇರಬೇಕು. ಹ್ಯಾಶ್ ಎಂದರೆ ಆ ಫೈಲಿನ ಬೆರಳಚ್ಚು ಇದ್ದಂತೆ, ಫೈಲಿನಲ್ಲಿ ಒಂದು ಅಕ್ಷರ ಬದಲಾದರೂ ಅದು ಬದಲಾಗುತ್ತದೆ. ಆದ್ದರಿಂದ ಸ್ಕ್ರೀನ್‌ಶಾಟ್ ಮಾತ್ರ ನಂಬಿ ಕೂರಬೇಡಿ, ಮೂಲ ಫೋನನ್ನೇ ಪಂಚನಾಮೆ ಮಾಡಿಸಿ ಒಪ್ಪಿಸಿ. ನೊಂದವಳ ವಿಡಿಯೊ ನಿಮ್ಮ ಗುಂಪಿಗೆ ಬಂದರೆ, ಸಹಾಯ ಮಾಡುವ ಮನಸ್ಸಿನಿಂದ ಕೂಡ ಮುಂದಕ್ಕೆ ಕಳಿಸಬೇಡಿ. ಅವಳ ಹೆಸರನ್ನೋ ಗುರುತನ್ನೋ ಹೊರಗೆ ಹಾಕಿದವರಿಗೆ ನ್ಯಾಯ ಸಂಹಿತೆಯ ಕಲಂ 72ರಲ್ಲಿ ಎರಡು ವರ್ಷದವರೆಗೆ ಸಜೆ ಇದೆ.

ಹಾನಗಲ್ ಕಲಿಸಿದ್ದು

ನಮ್ಮದೇ ಜಿಲ್ಲೆಯ ಹಾನಗಲ್ಲಿನಲ್ಲಿ 2024ರ ಜನವರಿ ಎರಡನೇ ವಾರ ನಡೆದದ್ದನ್ನು ಓದುಗರು ಮರೆತಿರಲಾರರು. ಲಾಡ್ಜಿಗೆ ನುಗ್ಗಿದ ಗುಂಪು ಒಂದು ಜೋಡಿಯ ಮೇಲೆ ಹಲ್ಲೆ ಮಾಡಿ, ಅದನ್ನು ಮೊಬೈಲಿನಲ್ಲಿ ಚಿತ್ರಿಸಿತ್ತು. ಮೊದಲು ದಾಖಲಾದದ್ದು ಹಲ್ಲೆಯ ಪ್ರಕರಣ. ಜನವರಿ 11ರಂದು ಆ ಹೆಣ್ಣುಮಗಳು ನ್ಯಾಯಾಧೀಶರ ಮುಂದೆ ಹೇಳಿಕೆ ಕೊಟ್ಟು, ತನ್ನನ್ನು ಕರೆದೊಯ್ದು ಸಾಮೂಹಿಕ ಅತ್ಯಾಚಾರ ಮಾಡಿದರು ಎಂದಾಗ ಪ್ರಕರಣದ ಸ್ವರೂಪವೇ ಬದಲಾಯಿತು. ಪೊಲೀಸರ ಮುಂದೆ, ಮನೆಯವರ ಮುಂದೆ ಬಾಯಿಗೆ ಬಾರದ ಮಾತು ಕೆಲವೊಮ್ಮೆ ನ್ಯಾಯಾಧೀಶರ ಕೋಣೆಯಲ್ಲಿ ಬರುತ್ತದೆ. ಈ ಹೇಳಿಕೆಗೆ ಈಗ ಇರುವುದು ಸುರಕ್ಷಾ ಸಂಹಿತೆಯ ಕಲಂ 183. ಸಾಧ್ಯವಾದಷ್ಟೂ ಮಹಿಳಾ ನ್ಯಾಯಾಧೀಶರೇ ಪಡೆಯಬೇಕು, ಪುರುಷರಾದರೆ ಒಬ್ಬ ಹೆಂಗಸು ಅಲ್ಲಿರಬೇಕು. ಇದರಲ್ಲೂ ಕರ್ನಾಟಕದ್ದೇ ಒಂದು ಮೊಕದ್ದಮೆ ದೇಶಕ್ಕೆ ದಾರಿ ತೋರಿದೆ. ತುಮಕೂರು ಜಿಲ್ಲೆಯ ನೊಣವಿನಕೆರೆ ಪೊಲೀಸರ ಪ್ರಕರಣದಲ್ಲಿ 2014ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್, ಇಂಥ ಹೇಳಿಕೆಗೆ 24 ಗಂಟೆಯೊಳಗೆ ಕರೆದೊಯ್ಯಬೇಕು, ತಡವಾದರೆ ಕಾರಣವನ್ನು ಕೇಸ್ ಡೈರಿಯಲ್ಲಿ ಬರೆಯಬೇಕು ಎಂದು ನಿರ್ದೇಶಿಸಿತು.

ಹಾನಗಲ್ ಪ್ರಕರಣದ ಎರಡನೇ ಅಂಕ ಇನ್ನೂ ನೋವಿನದು. 2025ರ ಮೇ ತಿಂಗಳಲ್ಲಿ ಜಾಮೀನು ಪಡೆದ ಆರೋಪಿಗಳು ಅಕ್ಕಿಆಲೂರಿನಲ್ಲಿ ವಾಹನಗಳ ಮೆರವಣಿಗೆ ಮಾಡಿದರು. ಆಮೇಲೆ ಪೊಲೀಸರು ಹೊಸ ಪ್ರಕರಣ ದಾಖಲಿಸಿ ಕೆಲವರನ್ನು ಮತ್ತೆ ಬಂಧಿಸಿದರು. ಸಂತ್ರಸ್ತೆ ನ್ಯಾಯಾಲಯದಲ್ಲಿ ಆರೋಪಿಗಳನ್ನು ಗುರುತಿಸಲಿಲ್ಲ ಎಂದು ಆಗ ವರದಿಯಾಗಿತ್ತು. ಆರೋಪ ಸಾಬೀತಾಗುವುದೋ ಇಲ್ಲವೋ ನ್ಯಾಯಾಲಯದ ಕೆಲಸ. ಆದರೆ ಆ ಮೆರವಣಿಗೆ ನೋಡಿದ ಮೇಲೆ ಈ ಜಿಲ್ಲೆಯ ಯಾವ ಹೆಣ್ಣುಮಗಳು ಕಟಕಟೆ ಹತ್ತಿ ಬೆರಳು ತೋರಿಸಲು ಧೈರ್ಯ ಮಾಡಿಯಾಳು ಎಂಬ ಪ್ರಶ್ನೆ ನಮ್ಮೆಲ್ಲರದು. ಬೆದರಿಕೆ ಬಂದ ದಿನವೇ ಸಾಕ್ಷಿ ರಕ್ಷಣೆಗೆ ಅರ್ಜಿ ಹಾಕಿ. 2018ರ ಸಾಕ್ಷಿ ಸಂರಕ್ಷಣಾ ಯೋಜನೆಯಂತೆ ಜಿಲ್ಲಾ ನ್ಯಾಯಾಧೀಶರ ನೇತೃತ್ವದ ಸಮಿತಿ ಅದನ್ನು ಪರಿಶೀಲಿಸುತ್ತದೆ. ವಿಚಾರಣೆ ಮುಚ್ಚಿದ ಕೋಣೆಯಲ್ಲಿ ನಡೆಯಬೇಕು. ಅವಳ ಹಿಂದಿನ ಸಂಬಂಧಗಳನ್ನು, ಶೀಲವನ್ನು ಕೆದಕುವ ಪ್ರಶ್ನೆ ಪಾಟೀ ಸವಾಲಿನಲ್ಲಿ ಬಂದರೆ ಸರ್ಕಾರಿ ಅಭಿಯೋಜಕರು ಎದ್ದು ಆಕ್ಷೇಪಿಸಬೇಕು, ಕಾನೂನು ಅದನ್ನು ತಡೆದಿದೆ.

ಹಾಗೆ ತಡೆಯಲು ನಮಗೆ 130 ವರ್ಷ ಬೇಕಾಯಿತು. ಅತ್ಯಾಚಾರದ ದೂರು ಕೊಟ್ಟವಳು ನಡತೆಗೆಟ್ಟವಳು ಎಂದು ತೋರಿಸಿ ಅವಳ ಮಾತನ್ನು ಅಲ್ಲಗಳೆಯಬಹುದು ಎಂಬ ಸಾಲು 1872ರ ಕಾಯ್ದೆಯಲ್ಲಿತ್ತು, ಅದನ್ನು ತೆಗೆದದ್ದು 2002ರ ತಿದ್ದುಪಡಿ. ಮಹಾರಾಷ್ಟ್ರದ ಪೊಲೀಸ್ ಠಾಣೆಯೊಂದರಲ್ಲಿ 1972ರಲ್ಲಿ ಆದಿವಾಸಿ ಹುಡುಗಿಯೊಬ್ಬಳ ಮೇಲೆ ನಡೆದ ಕೃತ್ಯದಲ್ಲಿ ಸುಪ್ರೀಂ ಕೋರ್ಟ್ ಗಾಯದ ಗುರುತಿಲ್ಲ ಎಂದು ಇಬ್ಬರು ಪೊಲೀಸರನ್ನು ಬಿಟ್ಟಾಗ, 1979ರಲ್ಲಿ ನಾಲ್ವರು ಕಾನೂನು ಪ್ರಾಧ್ಯಾಪಕರು ಬಹಿರಂಗ ಪತ್ರ ಬರೆದರು. ಅದರಿಂದ ಎದ್ದ ಕೂಗು 1983ರ ತಿದ್ದುಪಡಿಗೆ ದಾರಿಯಾಯಿತು. ದೆಹಲಿಯಲ್ಲಿ 2012ರ ಡಿಸೆಂಬರ್‌ನಲ್ಲಿ ನಡೆದ ಸಾಮೂಹಿಕ ಅತ್ಯಾಚಾರದ ನಂತರ ನ್ಯಾಯಮೂರ್ತಿ ಜೆ.ಎಸ್. ವರ್ಮಾ ಸಮಿತಿ ಒಂದು ತಿಂಗಳಲ್ಲಿ ವರದಿ ಕೊಟ್ಟಿತು, 2013ರಲ್ಲಿ ಕಾನೂನು ಮತ್ತೆ ಬದಲಾಯಿತು. ಪ್ರತಿ ಸಲವೂ ಒಬ್ಬ ಹೆಣ್ಣುಮಗಳ ನೋವು ಮುಂದೆ ನಡೆದಿದೆ, ಕಾನೂನು ಅದರ ಹಿಂದೆ ಬಂದಿದೆ.

ಇನ್ನೂ ಆಗಬೇಕಾದದ್ದು

ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಬಂದು ಕುರುಹು ಸಂಗ್ರಹಿಸಬೇಕು, ಅದನ್ನು ಚಿತ್ರಿಸಬೇಕು ಎಂದು ಸುರಕ್ಷಾ ಸಂಹಿತೆಯ ಕಲಂ 176 ಹೇಳುತ್ತದೆ. ಆದರೆ ಜಾರಿಗೆ ರಾಜ್ಯಗಳಿಗೆ ಐದು ವರ್ಷದ ಅವಕಾಶ ಕೊಟ್ಟಿದೆ. ಧಾರವಾಡದಲ್ಲಿ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯದ ಆವರಣಕ್ಕೆ 2023ರ ಜನವರಿ 28ರಂದು ಶಂಕುಸ್ಥಾಪನೆಯಾಯಿತು. ದಾವಣಗೆರೆಯಲ್ಲಿ ಪ್ರಾದೇಶಿಕ ವಿಧಿವಿಜ್ಞಾನ ಪ್ರಯೋಗಾಲಯವಿದೆ. ಇದೆಲ್ಲ ಒಳ್ಳೆಯದೇ. ನನ್ನ ತಕರಾರು ಬೇರೆ. ಕಾನೂನು ವೈದ್ಯರಿಗೆ ಏಳು ದಿನದ ಗಡುವು ಹಾಕಿದೆ, ಪೊಲೀಸರಿಗೆ ಎರಡು ತಿಂಗಳು, ದೋಷಾರೋಪಪಟ್ಟಿ ಸಲ್ಲಿಕೆಯಾದ ಮೇಲೆ ನ್ಯಾಯಾಲಯಕ್ಕೂ ಎರಡು ತಿಂಗಳು. ಪ್ರಯೋಗಾಲಯಕ್ಕೆ ಮಾತ್ರ ಗಡುವು ಹಾಕಿಲ್ಲ. ಎಲ್ಲರೂ ಓಡಿ ಬಂದು ಒಂದು ಕಾಗದಕ್ಕಾಗಿ ಕಾಯುತ್ತ ನಿಲ್ಲುವ ಜಾಗ ಅದೇ. ಆ ಗಡುವನ್ನೂ ಕಾನೂನಿನಲ್ಲಿ ಬರೆಯಬೇಕು, ಅದಕ್ಕೆ ಬೇಕಾದ ಸಿಬ್ಬಂದಿಯನ್ನೂ ಕೊಡಬೇಕು. ಪ್ರತಿ ತಾಲ್ಲೂಕು ಆಸ್ಪತ್ರೆಯಲ್ಲಿ ಹಗಲು ರಾತ್ರಿ ಮಾದರಿ ಸಂಗ್ರಹದ ಕಿಟ್ ಇರಬೇಕು, ಅದನ್ನು ಬಳಸಲು ತರಬೇತಿ ಪಡೆದ ಒಬ್ಬರಾದರೂ ಇರಬೇಕು.

ದೇಹದ ಸಾಕ್ಷ್ಯಕ್ಕೆ ಇರುವ ಶಕ್ತಿಯನ್ನು ಹಲಗೇರಿ ಬೇರೊಂದು ಬಗೆಯ ಪ್ರಕರಣದಲ್ಲಿ ಕಂಡಿದೆ. 2025ರ ಮಾರ್ಚ್‌ನಲ್ಲಿ ಇಲ್ಲಿನ ಠಾಣೆಯ ವ್ಯಾಪ್ತಿಯಲ್ಲಿ ತುಂಗಭದ್ರೆಯಲ್ಲಿ ಯುವತಿಯೊಬ್ಬಳ ಶವ ಸಿಕ್ಕಿತ್ತು. ಮೊದಲು ಅಸಹಜ ಸಾವು ಎಂದು ದಾಖಲಾದದ್ದು, ಮರಣೋತ್ತರ ಪರೀಕ್ಷೆಯ ನಂತರ ಕೊಲೆ ಪ್ರಕರಣವಾಯಿತು.

ಹೊಸ ಸಂಹಿತೆ ಬಿಟ್ಟಿರುವ ಬಿರುಕುಗಳೂ ಇವೆ. ಹಳೆಯ ದಂಡ ಸಂಹಿತೆಯ 377ನೇ ಕಲಮನ್ನು ಪೂರ್ತಿ ಕೈಬಿಟ್ಟದ್ದರಿಂದ ವಯಸ್ಕ ಗಂಡಸಿನ ಮೇಲೆ ಬಲಾತ್ಕಾರ ನಡೆದರೆ ಅದನ್ನು ಅತ್ಯಾಚಾರವೆಂದು ಹಿಡಿಯುವ ಕಲಂ ಇಲ್ಲ. ಲಿಂಗತ್ವ ಅಲ್ಪಸಂಖ್ಯಾತರ ಮೇಲಿನ ಲೈಂಗಿಕ ದೌರ್ಜನ್ಯಕ್ಕೆ 2019ರ ಕಾಯ್ದೆಯಲ್ಲಿರುವುದು ಗರಿಷ್ಠ ಎರಡು ವರ್ಷ. ಇದು ಅನ್ಯಾಯ. ಗಂಡನಿಗೆ ಕೊಟ್ಟ ವಿನಾಯಿತಿಯೂ ಹಾಗೆಯೇ ಉಳಿದಿದೆ. ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು 2022ರ ಮಾರ್ಚ್ 23ರಂದು ಹೆಂಡತಿಯ ಮೇಲಿನ ಅತ್ಯಾಚಾರದ ಆರೋಪದಲ್ಲಿ ಗಂಡನ ವಿಚಾರಣೆ ನಡೆಯಲಿ ಎಂದು ಆದೇಶಿಸಿದ್ದರು. ಸುಪ್ರೀಂ ಕೋರ್ಟ್ ಅದೇ ವರ್ಷ ಅದಕ್ಕೆ ತಡೆ ಕೊಟ್ಟಿತು.

ಪರಿಹಾರದ ಹಣಕ್ಕೆ ತೀರ್ಪು ಬರುವವರೆಗೆ ಕಾಯಬೇಕಿಲ್ಲ. ಹಾವೇರಿಯ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಎಫ್‌ಐಆರ್ ಪ್ರತಿ ಹಚ್ಚಿ ಅರ್ಜಿ ಕೊಟ್ಟು ಮಧ್ಯಂತರ ಪರಿಹಾರ ಕೇಳಬಹುದು. ರಾಷ್ಟ್ರೀಯ ಕಾನೂನು ಸೇವಾ ಪ್ರಾಧಿಕಾರದ 2018ರ ಯೋಜನೆಯಲ್ಲಿ ಅತ್ಯಾಚಾರಕ್ಕೆ 4ರಿಂದ 7 ಲಕ್ಷ, ಸಾಮೂಹಿಕ ಅತ್ಯಾಚಾರಕ್ಕೆ 5ರಿಂದ 10 ಲಕ್ಷ ರೂಪಾಯಿ ನಿಗದಿಯಾಗಿದೆ. ಉಚಿತ ವಕೀಲರನ್ನೂ ಅಲ್ಲೇ ಕೇಳಿ. ಜಿಲ್ಲಾ ಕೇಂದ್ರದ ಸಖಿ ಒನ್ ಸ್ಟಾಪ್ ಸೆಂಟರಿನಲ್ಲಿ ಆಸ್ಪತ್ರೆ, ಪೊಲೀಸು, ವಕೀಲರು, ಉಳಿಯಲು ಜಾಗ ಎಲ್ಲಕ್ಕೂ ನೆರವು ಸಿಗುತ್ತದೆ.

ಈ ಪುಟ ಓದಿದ ಮೇಲೆ ಒಂದು ಕೆಲಸ ಮಾಡಿ. ಅಡುಗೆಮನೆಯ ಗೋಡೆಗೆ ತೂಗುಹಾಕಿದ ಕ್ಯಾಲೆಂಡರಿನ ಮೂಲೆಯಲ್ಲಿ ನಾಲ್ಕು ಸಂಖ್ಯೆ ಬರೆದಿಡಿ: ತುರ್ತಿಗೆ 112, ಮಹಿಳಾ ಸಹಾಯವಾಣಿ 181, ಮಕ್ಕಳಿಗೆ 1098, ಕಾನೂನು ನೆರವಿಗೆ 15100. ಅದರ ಕೆಳಗೆ ಇಷ್ಟು ಸೇರಿಸಿ: ಬಟ್ಟೆ ಒಗೆಯಬೇಡ, ಕಾಗದದಲ್ಲಿ ಸುತ್ತು, ಮೊದಲು ದವಾಖಾನೆಗೆ ಹೋಗು. ಮನೆಯ ಹೆಣ್ಣುಮಕ್ಕಳಿಗೆ ಅದನ್ನು ಓದಿಸಿ, ಗಂಡುಮಕ್ಕಳಿಗೂ ಓದಿಸಿ.